ಅಳದ ಮಗು

"ಗುರುಗಳೇ, ಅಳುತ್ತಾ ಬಂದವರನ್ನು ಬೇಗ ಸುಮ್ಮನಾಗಿಸುವ ಮಾತು ಯಾವುದು?" ಎಂದು ಅಡವಯ್ಯ ಕೇಳಿದ. ಮಠಕ್ಕೆ ದುಃಖ ಹೇಳಿಕೊಳ್ಳಲು ಬರುವ ಜನರನ್ನು ಮಾತನಾಡಿಸುವ ಕೆಲಸ ಆ ವರ್ಷ ಅವನ ಪಾಲಿಗೆ ಬಂದಿತ್ತು.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ನೇಕಾರ ಹೆಂಗಸು ಇದ್ದಳು. ಮಗು ಹೊಟ್ಟೆಯಲ್ಲಿದ್ದಾಗಲೇ ಗಂಡ ಜ್ವರದಲ್ಲಿ ತೀರಿಕೊಂಡ. ಅವನು ನೇಯುತ್ತಿದ್ದ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು. ಹೆರಿಗೆಯಾಗಿ ಎರಡು ತಿಂಗಳಿಗೆ ಅವಳೇ ಆ ಮಗ್ಗಕ್ಕೆ ಕುಳಿತಳು. ನೇಯ್ದರೆ ಗಂಜಿ, ಇಲ್ಲದಿದ್ದರೆ ಅದೂ ಇಲ್ಲ.

ಮಗು ಅಳುತ್ತಿತ್ತು. ಎತ್ತಿಕೊಂಡರೆ ಸುಮ್ಮನಾಗುತ್ತಿತ್ತು, ಮಲಗಿಸಿ ಲಾಳಿ ಹಿಡಿದರೆ ಮತ್ತೆ ಅಳುತ್ತಿತ್ತು. ದಿನಕ್ಕೆ ಒಂದು ಗೇಣು ಬಟ್ಟೆಯೂ ಇಳಿಯಲಿಲ್ಲ. ಒಂದು ದಿನ ಎಳೆ ಕಡಿಯಿತು. ಅದನ್ನು ಕಟ್ಟಲು ಕೈ ಏಳದೆ ಅವಳು ಮಗ್ಗಕ್ಕೆ ತಲೆಯಿಟ್ಟು ಮಗುವಿನ ಜೊತೆ ತಾನೂ ಅತ್ತಳು.

ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹತ್ತಿರ ಹೋಗಿ ಕೇಳಿದಳು. ಮುದುಕಿ ಹೇಳಿದಳು: "ಬರಿಯ ಚಾಪೆ ಹಾಸಿ ಅಂಗಾತ ಮಲಗಿಸವ್ವ. ದಿಂಬು ಬೇಡ, ಮುಖದ ಹತ್ತಿರ ಬಟ್ಟೆ ಬೇಡ. ನಿನ್ನ ಕಣ್ಣೆದುರಿಗೇ ಇರಲಿ. ಅತ್ತರೆ ಎತ್ತಿಕೋ."

"ಮತ್ತೆ ಅತ್ತರೆ?"

"ಮತ್ತೆ ಎತ್ತಿಕೋ."

ಅವಳು ನಿರಾಶೆಯಿಂದ ಮನೆಗೆ ಬಂದಳು. ಪಕ್ಕದ ಮನೆಯವಳು ಅವಳ ಮುಖ ನೋಡಿ ಮರುಗಿದಳು. "ಆ ಮುದುಕಿಗೇನು, ಅವಳು ಮಗ್ಗಕ್ಕೆ ಕೂರಬೇಕೇ? ಒಳಕೋಣೆಯಲ್ಲಿ ಮೆತ್ತಗೆ ಹಾಸಿ, ಎರಡೂ ಕಡೆ ದಿಂಬು ಒತ್ತಿ ಮಲಗಿಸು. ಎದೆಹಾಲಿನಲ್ಲಿ ಒಂದಿಷ್ಟು ಅಫೀಮು ತೇಯ್ದು ನೆಕ್ಕಿಸು. ನನ್ನ ನಾಲ್ಕು ಮಕ್ಕಳೂ ಹಾಗೇ ಬೆಳೆದವು" ಎಂದಳು. ತನ್ನ ಮನೆಯಿಂದ ಅಫೀಮನ್ನೂ ಅವಳೇ ತಂದುಕೊಟ್ಟಳು.

ಒಬ್ಬಳ ಮಾತಿನಲ್ಲಿ ಇನ್ನಷ್ಟು ದುಡಿತವಿತ್ತು, ಇನ್ನೊಬ್ಬಳ ಮಾತಿನಲ್ಲಿ ವಿಶ್ರಾಂತಿಯಿತ್ತು. ಅವಳು ಎರಡನೆಯದನ್ನು ಹಿಡಿದಳು. ಕೆಟ್ಟವಳೆಂದಲ್ಲ, ದಣಿದಿದ್ದಳು.

ಮಗು ಮಲಗಿತು. ಮೊದಲ ದಿನ ಅವಳು ನಾಲ್ಕು ಸಲ ಎದ್ದು ಹೋಗಿ ನೋಡಿದಳು. ಮರುದಿನ ಎರಡು ಸಲ. ಸೀರೆ ಮೊಳ ಮೊಳವಾಗಿ ಬೆಳೆಯಿತು. ಓಣಿಯವರು "ಎಂಥ ಸಾಧು ಕೂಸು!" ಎಂದು ಹೊಗಳಿದರು. ಅವಳಿಗೂ ಹಿಗ್ಗಾಯಿತು. ಮಗು ಮೊದಲಿನಂತೆ ಎಳೆದು ಹಾಲು ಕುಡಿಯುವುದಿಲ್ಲ ಎಂಬುದನ್ನು ಅವಳು ಕಂಡಿದ್ದಳು. ಈ ಸೀರೆ ಮುಗಿಯಲಿ, ಆಮೇಲೆ ನೋಡೋಣ ಎಂದುಕೊಂಡಳು.

ಎಂಟನೆಯ ದಿನ ಮಧ್ಯಾಹ್ನ, ನೇಯುತ್ತಿದ್ದವಳ ಕುಪ್ಪಸ ಒದ್ದೆಯಾಯಿತು. ತಗ್ಗಿ ನೋಡಿದಳು. ಎದೆ ಕಲ್ಲಿನಂತಾಗಿ ಹಾಲು ತಾನಾಗಿ ಸೋರುತ್ತಿತ್ತು. ಮಗು ಹಾಲು ಕುಡಿದು ಎಷ್ಟು ಹೊತ್ತಾಯಿತು ಎಂದು ನೆನೆದಳು. ನೆನಪಾಗಲಿಲ್ಲ. ಅವಳ ಕೈಯಿಂದ ಲಾಳಿ ಬಿತ್ತು.

ಒಳಕೋಣೆಯಲ್ಲಿ ಮಗು ಒಂದು ಪಕ್ಕಕ್ಕೆ ವಾಲಿತ್ತು. ಮುಖ ದಿಂಬಿನಲ್ಲಿ ಹುದುಗಿತ್ತು. ಎತ್ತಿದರೆ ಕೈಕಾಲು ಜೋತುಬಿದ್ದವು. ತುಟಿ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವಳು ಹೆಸರು ಹಿಡಿದು ಕೂಗಿದಳು. ಅದು ಕಣ್ಣು ಬಿಡಲಿಲ್ಲ. ಮಗುವನ್ನು ಅವಚಿಕೊಂಡು ಬರಿಗಾಲಲ್ಲಿ ಸೂಲಗಿತ್ತಿಯ ಮನೆಗೆ ಓಡಿದಳು.

ಸೂಲಗಿತ್ತಿ ಒಂದು ಮಾತೂ ಬೈಯಲಿಲ್ಲ. ಮಗುವಿನ ಬಾಯಿಗೂ ಮೂಗಿಗೂ ತನ್ನ ಬಾಯಿಟ್ಟು ಮೆಲ್ಲಗೆ ಉಸಿರು ಊದಿದಳು. ಅಂಗಾಲು ತಿಕ್ಕಿದಳು, ಮತ್ತೆ ಊದಿದಳು. ತಾಯಿ ಗೋಡೆಗೆ ಒರಗಿ ನಿಂತು, ಅಳು ಕಂದಾ, ಒಂದು ಸಲ ಅಳು ಎಂದು ಬೇಡಿಕೊಂಡಳು. ಹಿಂದೆ ಯಾವ ಸದ್ದು ನಿಲ್ಲಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದಿದ್ದಳೋ, ಈಗ ಅದೇ ಸದ್ದಿಗಾಗಿ ಜೀವ ಹಿಡಿದು ನಿಂತಿದ್ದಳು.

ಬಿಸಿಲು ಹೊಸ್ತಿಲಿನಿಂದ ಅಂಗಳಕ್ಕೆ ಇಳಿದ ಮೇಲೆ ಮಗುವಿನ ಹೊಟ್ಟೆ ತಾನಾಗಿ ಒಮ್ಮೆ ಏರಿತು. ಆಮೇಲೆ ಬೆಕ್ಕಿನ ಮರಿಯಂಥ ಒಂದು ಸಣ್ಣ ದನಿ ಹೊರಟಿತು. ತಾಯಿ ಮುಂದೆ ಬಂದು ಮಗುವನ್ನು ಎದೆಗೆ ಅವಚಿಕೊಂಡಳು.

ಸುದ್ದಿ ಕೇಳಿ ಪಕ್ಕದ ಮನೆಯವಳು ಬಂದು ಬಾಗಿಲಲ್ಲೇ ನಿಂತಳು. ಒಳಗೆ ಬರಲಿಲ್ಲ. "ನಾನು ಹೆತ್ತದ್ದು ಐದು" ಎಂದಳು. "ಒಂದು ಮಲಗಿದ್ದು ಏಳಲಿಲ್ಲ. ದೇವರು ಕರೆದುಕೊಂಡ ಅಂತ ಎಲ್ಲರೂ ಅಂದರು. ನಾನೂ ಹಾಗೇ ಅಂದುಕೊಂಡೆ."

ಅಂದಿನಿಂದ ಮಗ್ಗದ ಪಕ್ಕದಲ್ಲಿ ಬರಿಯ ಚಾಪೆ ಬಿತ್ತು. ಮಗು ಅಂಗಾತ ಮಲಗಿ ತಾಯಿಯ ಕೈ ಆಡುವುದನ್ನು ನೋಡುತ್ತಿತ್ತು. ಅತ್ತರೆ ಅವಳು ಎತ್ತಿಕೊಳ್ಳುತ್ತಿದ್ದಳು. ಕೆಲವು ಸಲ ಹಸಿವು, ಕೆಲವು ಸಲ ಸೆಕೆ, ಕೆಲವು ಸಲ ಏನೆಂದೇ ತಿಳಿಯುತ್ತಿರಲಿಲ್ಲ. ಆಗ ಹೆಗಲಿಗೆ ಹಾಕಿಕೊಂಡು ಗುನುಗುತ್ತಾ ಅಂಗಳದಲ್ಲಿ ತಿರುಗುತ್ತಿದ್ದಳು. ಪಕ್ಕದ ಮನೆಯವಳು ದಿನವೂ ಊಟವಾದ ಮೇಲೆ ಬಂದು ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂರತೊಡಗಿದಳು. ಅವಳು ಕೂತಷ್ಟು ಹೊತ್ತು ಮಗ್ಗ ನಡೆಯುತ್ತಿತ್ತು. ಒಂದು ತಿಂಗಳಲ್ಲಿ ಮುಗಿಯಬೇಕಾದ ಸೀರೆಗೆ ಮೂರು ತಿಂಗಳು ಹಿಡಿಯಿತು. ಗಂಜಿ ತೆಳ್ಳಗಾಯಿತು. ಮಗು ಬೆಳೆಯಿತು.

ಗುರುಗಳು ನಿಲ್ಲಿಸಿದರು.

"ಅಫೀಮು ಕೊಟ್ಟದ್ದು ತಪ್ಪು, ಅದು ತಿಳಿಯಿತು" ಎಂದ ಅಡವಯ್ಯ. "ಆದರೆ ಗುರುಗಳೇ, ನಾನು ಕೇಳಿದ್ದು ಮದ್ದನ್ನಲ್ಲ, ಅಳು ನಿಲ್ಲಿಸುವ ಒಳ್ಳೆಯ ಮಾತನ್ನು."

ಗುರುಗಳು ಅವನನ್ನೇ ನೋಡಿ ಹೇಳಿದರು: "ಮದ್ದು ನೆಕ್ಕಿದ್ದು ಮಗು, ಅಡವಯ್ಯ, ಮಂಪರು ಹತ್ತಿದ್ದು ಯಾರಿಗೆ?"