ಕೆಂಪಿಯ ದಾಕ್ಷಿಣ್ಯ

ಮಕ್ಕಳೇ, ಕೆರೆ ಅಂದರೆ ನಮ್ಮೂರಿನದು! ಉಳಿದವೆಲ್ಲ ಬರೀ ಗುಂಡಿಗಳು. ನಾನು ನಿಮ್ಮಷ್ಟಿದ್ದಾಗ, ಅದರ ಏರಿಯ ಮೇಲಿನ ಹೊಂಗೆ ಮರದಡಿ ಕೆಂಪಿ ಅನ್ನೋ ನಾಯಿಯೂ ಆಗಷ್ಟೇ ಮೊಲೆ ಬಿಟ್ಟಿದ್ದ ಅವಳ ಒಂದೇ ಮರಿ ಚುಕ್ಕನೂ ಇದ್ದರು. ಅಲ್ಲಿನ ಪ್ರಾಣಿಗಳ ಮಾತು ಇಡೀ ಊರಲ್ಲಿ ತಿಳಿಯುತ್ತಿದ್ದುದು ನನಗೊಬ್ಬನಿಗೇ. ನಂಬದಿದ್ದರೆ ಬಿಡಿ.

ಅವರಲ್ಲೊಂದು ಪದ್ಧತಿ. ಹುಷಾರಿಲ್ಲದವರನ್ನು ನೋಡಲು ಯಾರೂ ಬರಿಗೈಲಿ ಬರುತ್ತಿರಲಿಲ್ಲ. ತಂದದ್ದನ್ನು ಹುಷಾರಿಲ್ಲದವರು ತಂದವರೆದುರಿಗೇ ತಿನ್ನಬೇಕು. ಇಲ್ಲದಿದ್ದರೆ ಮುನಿಸು.

ಒಂದು ದಿನ ಚುಕ್ಕ ಕೊಳೆತ ಮೀನು ನೆಕ್ಕಿ ಹೊಟ್ಟೆ ಕೆಡಿಸಿಕೊಂಡ.

ಮೊದಲು ಬಂದದ್ದು ಎಮ್ಮೆ ಗಂಗಕ್ಕ. ಪಕ್ಕದಲ್ಲೇ ಮಲಗಿ ಕೆಚ್ಚಲು ಚಾಚಿದಳು. "ಕುಡಿಯೋ ಮರಿ. ಈ ಹಾಲು ಕುಡಿದೇ ನನ್ನ ಕರು ಗೂಟ ಕಿತ್ಕೊಂಡು ಓಡೋದು!"

ಕೆಂಪಿಗೆ ಬೇಡ ಅನ್ನಲು ಬಾಯಿ ಬರಲಿಲ್ಲ. "ಕುಡಿಯಪ್ಪ, ದೊಡ್ಡಮ್ಮ ಬೇಜಾರು ಮಾಡ್ಕೋತಾಳೆ."

ಆಮೇಲೆ ಕಾಗೆ ಬೋಂಡದ ಚೂರು ತಂದ. "ಇವತ್ತಿನದೇ ತಂಗಿ, ಎಣ್ಣೆ ಇನ್ನೂ ತೊಟ್ಟಿಕ್ತಿದೆ ನೋಡು!"

"ಅವ್ವಾ, ಬೇಡ," ಅಂದ ಚುಕ್ಕ.

"ಒಂದೇ ತುತ್ತು ಕಣೋ. ಮಾವ ಅಷ್ಟು ದೂರದಿಂದ ತಂದಿದ್ದಾನೆ."

ಮಧ್ಯಾಹ್ನದೊಳಗೆ ಚುಕ್ಕ ಆರು ಸಲ ಪೊದೆಯ ಹಿಂದೆ ಹೋಗಿ ಬಂದ. ಏಳನೆಯ ಸಲ ಮೇಲೇಳಲೇ ಆಗಲಿಲ್ಲ. ಕಣ್ಣು ಗುಳಿಬಿದ್ದಿತ್ತು. ಕೆಂಪಿ ಮೂಸಿದರೆ ಬಾಲ ಅಲ್ಲಾಡಲಿಲ್ಲ.

ಅಷ್ಟರಲ್ಲಿ ಗಂಗಕ್ಕ ಮತ್ತೆ ಬಂದಳು. "ಹಾಲು ಸಾಲಲಿಲ್ಲ ಅನ್ಸುತ್ತೆ."

ಆಗ ಕೆಂಪಿಗೆ ತನ್ನವ್ವ ನೆನಪಾದಳು. ಹಿಂದೆ ಇವಳಿಗೆ ಹೀಗಾದಾಗ ಆಕೆ ಏನನ್ನೂ ತಿನ್ನಿಸದೆ, ನೆರಳಲ್ಲಿ ಮಲಗಿಸಿ, ಗುಟುಕು ಗುಟುಕು ನೀರಷ್ಟೇ ಕುಡಿಸಿದ್ದಳು.

ಕೆಂಪಿ ಹಲ್ಲು ತೋರಿಸಿ ಗುರ್ ಎಂದಳು. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ, ಹೋಗು. ಇಲ್ಲಾಂದ್ರೆ ಅದೇ ಕಾಲು ಕಚ್ತೀನಿ!"

"ಅಬ್ಬಬ್ಬಾ, ಇವಳ ಸೊಕ್ಕೇ!" ಗಂಗಕ್ಕ ಮುಖ ತಿರುಗಿಸಿ ಹೋದಳು.

ಕೆಂಪಿ ತಿಳಿನೀರಿನ ಒರತೆಯಲ್ಲಿ ಬಾಲ ಅದ್ದಿ ತಂದು, ಮರಿಯ ಬಾಯಿಗೆ ಹನಿ ಹನಿ ಇಳಿಸಿದಳು. ಎಷ್ಟು ಸಲ ಓಡಾಡಿದಳೋ! ಮರುದಿನ ಬೆಳಿಗ್ಗೆ ಚುಕ್ಕನ ಒಂದು ಕಿವಿ ನೆಟ್ಟಗಾಯಿತು.

"ಅವ್ವಾ, ಹಸಿವು."

ಕೆಂಪಿ ಕೊಂಬೆಯ ಮೇಲಿದ್ದ ಕಾಗೆಯನ್ನು ಕೂಗಿದಳು. "ಕಾಗೆಯಣ್ಣ, ಉಪ್ಪು ಖಾರ ಸೋಕದ ನಾಲ್ಕು ಅಗುಳು ಮೆತ್ತನೆ ಅನ್ನ ತಾ."

"ಬರೀ ಅನ್ನವಾ? ನೋಡಿದೋರು ನನ್ನನ್ನ ಏನಂದ್ಕೊಂಡಾರು!"

"ಅಂದ್ಕೊಳ್ಳಲಿ. ತಾ."

ಗಂಗಕ್ಕ ಎಂಟು ದಿನ ಮಾತು ಬಿಟ್ಟಳು. ಒಂಬತ್ತನೆಯ ದಿನ ಚುಕ್ಕ ಓಡಿಬಂದು ಅವಳ ಬಾಲಕ್ಕೆ ಜೋತುಬಿದ್ದ. "ಥೂ ಪೋಕರಿ!" ಎಂದು ಕೆರೆಯೆಲ್ಲ ಕೇಳುವಂತೆ ನಕ್ಕಳು.

ಈಗಲೂ ಹೊಂಗೆ ಮರ ಅಲ್ಲೇ ಇದೆ. ಅದರಡಿ ನಿಂತರೆ ಆ ನಗು ನನ್ನ ಕಿವಿಗೆ ಬೀಳುತ್ತದೆ. ಅಂಥ ನಗು ನಿಮ್ಮೂರಲ್ಲಿದ್ದರೆ ತೋರಿಸಿ, ನೋಡೋಣ!

ನೀತಿ: ನೆರೆಯವರ ಮುನಿಸು ಎಂಟು ದಿನಕ್ಕೆ ಇಳಿಯುತ್ತದೆ, ಅದಕ್ಕೆ ಹೆದರಿ ಎಳೆಯ ಹೊಟ್ಟೆಗೆ ಒಗ್ಗದ್ದನ್ನು ತಿನ್ನಿಸಬೇಡಿ.