ಅಧ್ಯಕ್ಷನನ್ನು ಇಳಿಸುವ ಬಟನ್

"ಗುರುಗಳೇ, ಮಕ್ಕಳು ಪೌರನೀತಿಯ ಪಾಠವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಅದು ಬಾಯಲ್ಲಷ್ಟೇ ಇದೆಯೋ, ಒಳಗೂ ಇಳಿದಿದೆಯೋ, ತಿಳಿಯುವುದು ಹೇಗೆ?" ಎಂದು ಮರುಳಸಿದ್ಧ ಕೇಳಿದ. ಅವನು ಮಠದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಶಿಷ್ಯ.

ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬಳು ಕಂಪ್ಯೂಟರ್ ಆಟಗಳನ್ನು ಕಟ್ಟುತ್ತಿದ್ದಳು. ಪೌರನೀತಿಯ ಪುಸ್ತಕ ತೆರೆದೊಡನೆ ಮಕ್ಕಳು ಆಕಳಿಸುವುದನ್ನು ಕಂಡು ಅವಳಿಗೆ ಸಂಕಟವಾಯಿತು. ಬೇರೆ ಕೆಲಸವನ್ನೆಲ್ಲ ಬದಿಗಿಟ್ಟು, ಅದನ್ನೇ ಕಲಿಸುವ ಒಂದು ಆಟ ಕಟ್ಟಿದಳು. ಪರದೆಯ ಮೇಲೊಂದು ಪುಟ್ಟ ಊರು. ಮೇಲಿನ ಕೇರಿ, ಕೆಳಗಿನ ಕೇರಿ, ನಡುವೆ ನೀರಿನ ಟ್ಯಾಂಕು. ತರಗತಿಯ ಪ್ರತಿ ಮಗುವಿಗೂ ಆ ಊರಿನಲ್ಲಿ ಒಂದು ಮನೆ, ತನ್ನದೇ ಒಂದು ಬೊಂಬೆ. ಊರಿಗೊಬ್ಬ ಅಧ್ಯಕ್ಷ. ಟ್ಯಾಂಕಿನವರೆಗೆ ನಡೆದುಹೋಗಿ ನೀರು ಬಿಡುವುದು ಅವನೊಬ್ಬನ ಅಧಿಕಾರ.

ಅಧ್ಯಕ್ಷ ಯಾರಾಗಬೇಕು? ಇದಕ್ಕೆ ಅವಳು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಅವಳು ಓದಿದ ಶಾಲೆಯಲ್ಲಿ ಹೆಚ್ಚು ಅಂಕ ತೆಗೆದವರೇ ಕ್ಲಾಸ್ ಲೀಡರ್. ಆಟದಲ್ಲೂ ಹಾಗೇ ಇಟ್ಟಳು. ಪ್ರಶ್ನೆಗಳಿಗೆ ಹೆಚ್ಚು ಸರಿಯುತ್ತರ ಕೊಟ್ಟವರೇ ಅಧ್ಯಕ್ಷರು. ಪ್ರಜಾಪ್ರಭುತ್ವ ಕಲಿಸಲು ಹೊರಟ ಪುಣ್ಯಾತ್ಗಿತ್ತಿಗೆ ಚುನಾವಣೆಯೇ ಮರೆತುಹೋಗಿತ್ತು!

ಒಂದು ಶಾಲೆಯ ಹೆಡ್‌ಮಾಸ್ಟರು ಅವಳಿಗೆ ಒಂದು ಪೀರಿಯಡ್ ಕೊಟ್ಟರು. ಮಕ್ಕಳು ಕಲಿತರೆ ಆಟ ಎಲ್ಲ ತರಗತಿಗಳಿಗೂ ಹೋಗುತ್ತದೆ, ಇಲ್ಲದಿದ್ದರೆ ಗಂಟುಮೂಟೆ ಕಟ್ಟಿಕೊಂಡು ಅವಳ ಮನೆಗೆ ಎಂದರು. ಅವಳು ತರಗತಿಯ ಹಿಂಬದಿಯಲ್ಲಿ ನಿಂತಳು.

ಒಬ್ಬ ಹುಡುಗ ಪಟಪಟನೆ ಉತ್ತರ ಕೊಟ್ಟು ಅಧ್ಯಕ್ಷನಾದ. ಅವನ ಮನೆ ಮೇಲಿನ ಕೇರಿಯಲ್ಲಿತ್ತು. ಮೇಲಿನ ಕೇರಿಗೆ ನೀರು ಬಿಟ್ಟ. ಮತ್ತೆ ಅಲ್ಲಿಗೇ ಬಿಟ್ಟ. ಕೆಳಗಿನ ಕೇರಿಯ ಮಕ್ಕಳು ಕೇಳಿಕೊಂಡರು, ಗೋಗರೆದರು, ಬೈದರು. ಅಧ್ಯಕ್ಷರು ಕ್ಯಾರೇ ಎನ್ನಲಿಲ್ಲ.

ಆ ಕೇರಿಯ ಹುಡುಗಿಯೊಬ್ಬಳು ಹಿಂದೆ ತಿರುಗಿ ಕೇಳಿದಳು: "ಅಕ್ಕಾ, ಇವನನ್ನ ಇಳಿಸೋ ಬಟನ್ ಎಲ್ಲಿದೆ?"

"ಇಲ್ಲ ಪುಟ್ಟಾ" ಎನ್ನುವಾಗಲೇ ಅವಳಿಗೆ ತನ್ನ ತಪ್ಪು ಹೊಳೆಯಿತು. ಹೆಡ್‌ಮಾಸ್ಟರು ಕೈಗಡಿಯಾರ ನೋಡಿಕೊಂಡರು. ಇನ್ನು ಆಟ ನಿಲ್ಲಿಸಿಬಿಡೋಣವೆಂದು ಅವಳು ಮುಂದೆ ಬಂದಳು.

ಅಷ್ಟರಲ್ಲಿ ಆ ಹುಡುಗಿಯ ಬೊಂಬೆ ಹೋಗಿ ಟ್ಯಾಂಕಿನ ಮುಂದೆ ಕುಳಿತಿತು. ಆಟದಲ್ಲಿ ಒಂದು ಬೊಂಬೆ ಇನ್ನೊಂದನ್ನು ದಾಟಿ ಹೋಗುವಂತಿರಲಿಲ್ಲ. ಅಧ್ಯಕ್ಷನ ಬೊಂಬೆ ಸುತ್ತು ಹಾಕಿ ಬಂತು. ಅಲ್ಲಿ ಇನ್ನೊಂದು ಬೊಂಬೆ ಬಂದು ಕುಳಿತಿತು. ನೋಡನೋಡುತ್ತಿದ್ದಂತೆ ಕೆಳಗಿನ ಕೇರಿಗೆ ಕೇರಿಯೇ ಬಂದು ಟ್ಯಾಂಕನ್ನು ಸುತ್ತುವರಿಯಿತು. ಮೇಲಿನ ಕೇರಿಯವರೂ ಕೆಲವರು ಬಂದು ಸೇರಿಕೊಂಡರು. ಇದನ್ನು ಯಾರೂ ಅವರಿಗೆ ಹೇಳಿಕೊಟ್ಟಿರಲಿಲ್ಲ. ಆಟ ಕಟ್ಟಿದವಳೇ ಬೆರಗಾಗಿ ನಿಂತುಬಿಟ್ಟಳು. ಈಗ ಯಾರಿಗೂ ನೀರಿಲ್ಲ. ಅಧ್ಯಕ್ಷ ಕೀಲಿಗಳನ್ನು ಒತ್ತಿ ಒತ್ತಿ ಸುಸ್ತಾಗಿ, ಕೊನೆಗೆ ನಕ್ಕುಬಿಟ್ಟ.

"ಆಯ್ತು ಕಣ್ರೋ, ಎರಡೂ ಕೇರಿಗೂ ಬಿಡ್ತೀನಿ, ದಾರಿ ಬಿಡಿ!"

ಮಕ್ಕಳು ಹೋ ಎಂದು ಕೂಗಿದ್ದು ಪಕ್ಕದ ತರಗತಿಗೂ ಕೇಳಿಸಿತು. ಆದರೆ ಆ ಹುಡುಗಿ ಅಷ್ಟಕ್ಕೇ ಬಿಡಲಿಲ್ಲ. ಎದ್ದು ಬಂದು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಅಕ್ಕಾ, ನಿಮ್ಮ ಆಟದಲ್ಲೇ ತಪ್ಪಿದೆ. ಅಧ್ಯಕ್ಷರನ್ನ ನಾವೇ ಆರಿಸಬೇಕು. ಸರಿಯಿಲ್ಲ ಅಂದ್ರೆ ನಾವೇ ಇಳಿಸಬೇಕು. ಸರಿಮಾಡಿ ಕೊಡಿ."

"ದೊಡ್ಡವರು ಮಾಡಿದ್ದರಲ್ಲಿ ತಪ್ಪು ಹುಡುಕ್ತೀಯಾ? ಇದೇ ಏನು ನೀನು ಕಲಿತಿದ್ದು?" ಎಂದು ಹೆಡ್‌ಮಾಸ್ಟರು ಗದರಿದರು.

"ಹೌದು ಸಾರ್, ಇದೇ!" ಎಂದಳು ಆಟ ಕಟ್ಟಿದವಳು. ಅವಳಿಗೆ ಕುಣಿಯುವಷ್ಟು ಸಂತೋಷವಾಗಿತ್ತು.

ಅಲ್ಲೇ ಕುಳಿತು, ಮಕ್ಕಳು ಹೇಳುತ್ತಾ ಹೋದಂತೆ ಆಟದ ನಿಯಮ ಬದಲಿಸಿದಳು. ಬೆಲ್ ಹೊಡೆಯಿತು, ಒಬ್ಬರೂ ಏಳಲಿಲ್ಲ. ಹೆಡ್‌ಮಾಸ್ಟರು ಬಾಗಿಲ ಕಡೆ ನೋಡಿದರು, ಮಕ್ಕಳ ಕಡೆ ನೋಡಿದರು, ಸದ್ದಿಲ್ಲದೆ ಕೊನೆಯ ಬೆಂಚಿನಲ್ಲಿ ಕುಳಿತರು. ಆಟ ಎಲ್ಲ ತರಗತಿಗಳಿಗೂ ಹೋಯಿತು. ಮೊದಲ ಚುನಾವಣೆಗೆ ಆ ಹುಡುಗನೂ ನಿಂತು ಸೋತ. ಸೋತವನು ಮಾಡಿದ ಮೊದಲ ಕೆಲಸವೆಂದರೆ, ಟ್ಯಾಂಕಿನ ಮುಂದೆ ಒಳ್ಳೆಯ ಜಾಗ ನೋಡಿಟ್ಟುಕೊಂಡದ್ದು.

ಕತೆ ಕೇಳಿ ಮರುಳಸಿದ್ಧನ ಮುಖ ಅರಳಿತು. ಕೈಮುಗಿದು, "ತಾವು ಹೇಳಿದ್ದು ನೂರಕ್ಕೆ ನೂರು ಸತ್ಯ ಗುರುಗಳೇ. ತಮ್ಮ ಮಾತಿಗೆ ಎರಡನೆಯ ಮಾತುಂಟೇ?" ಎಂದ.

"ಇಷ್ಟು ವರ್ಷದಿಂದ ಕಲಿಸುತ್ತಿದ್ದೇನೆ ಮರುಳಸಿದ್ಧ, ನೀನು ಇನ್ನೂ ನನ್ನದೊಂದು ತಪ್ಪನ್ನೂ ತೋರಿಸಲಿಲ್ಲವಲ್ಲ" ಎಂದರು ಗುರುಗಳು.