ನಾಲ್ವರು ಕೂತರೆ ಮೊಳಗುವ ಗಂಟೆ

ಮೈಪುರ ಅಂತ ಒಂದು ರಾಜ್ಯ. ದೂರ ಎಲ್ಲೂ ಹುಡುಕಬೇಡಿ ಮಕ್ಕಳೇ, ನಿಮ್ಮ ಅಂಗಿಯೊಳಗೇ ಇರೋ ರಾಜ್ಯ ಅದು. ಅದರ ದೊರೆ ಎದೆಯರಸ. ಒಂದು ಗಳಿಗೆಯೂ ಕೂರದೆ ಕೆನ್ನೀರ ಹೊಳೆಯನ್ನು ಊರೂರಿಗೆ ಅಟ್ಟೋದು, ತಿರುಗಿ ಬಂದಿದ್ದನ್ನು ಮತ್ತೆ ಅಟ್ಟೋದು, ಇದೇ ಅವನ ಕೆಲಸ.

ಆ ಹೊಳೆಗೆ ಕಲ್ಲಿನ ದಂಡೆ ಇರಲಿಲ್ಲ. ಹೆಂಗಸರೇ ದಂಡೆ! ಒಬ್ಬರ ಕೈ ಒಬ್ಬರು ಹಿಡಿದು ಸಾಲಾಗಿ ನಿಂತಿದ್ದರು. ಆ ಸಾಲಿನಲ್ಲಿ ಸಾತವ್ವ ಒಬ್ಬಳು. ಬಾಯಿ ಜೋರು, ಹಿಡಿತ ಅದಕ್ಕಿಂತ ಜೋರು.

ಎಲ್ಲಾದರೂ ಮುಳ್ಳು ಚುಚ್ಚಿದರೆ ಕಹಳೆ ಊದೋರು. ಹೆಂಗಸರು ಬೆರಳು ಸಡಿಲ ಬಿಡೋರು. ಬಿಳಿ ಸಿಪಾಯಿಗಳು ಸಂದಿಯಲ್ಲಿ ನುಸುಳಿ ಗಾಯದ ಕಡೆ ಓಡೋರು. ಆಮೇಲೆ ನಾಲ್ವರು ನಾಲ್ವರಾಗಿ ಮುದುಕರು ಒಟ್ಟಿಗೆ ಬಂದು, ಒಬ್ಬೊಬ್ಬ ಹೆಂಗಸಿನ ಮುಂದೆ ಇದ್ದ ಒಂದೊಂದು ಹಲಗೆ ಮೇಲೆ ಕೂರೋರು. ನಾಲ್ವರ ಭಾರಕ್ಕೆ ಹಲಗೆ ಬಾಗಿ ಕೆಳಗಿನ ಗಂಟೆ ಢಣ್ ಅನ್ನೋದು. ತಕ್ಷಣ ಕೈಗಳು ಬಿಗಿ! ಒಂದೇ ಕಟ್ಟಳೆ: ಹಲಗೆ ಮೇಲೆ ಕೂತವರನ್ನು ಏಳು ಅನ್ನೋ ಹಾಗಿಲ್ಲ.

ಇದು ಗೊತ್ತಾಯ್ತು ನೋಡಿ, ಕಳ್ಳರಿಗೆ. ಕದಡಿದ ನೀರಲ್ಲಿ ಮೀನು ಹಿಡಿಯೋ ಮಂದಿ. ಓಡಾಡೋದು ಇಬ್ಬಿಬ್ಬರೇ, ಮೂರನೆಯವನನ್ನು ನಂಬೋ ಅಭ್ಯಾಸ ಅವರಿಗಿಲ್ಲ. ಒಂದು ದಿನ ಕಹಳೆ ಕೇಳಿ ಹೆಂಗಸರ ಕೈ ಸಡಿಲವಾದ ಹೊತ್ತಲ್ಲೇ ಮುದುಕರ ಹಾಗೆ ರುಮಾಲು ಸುತ್ತಿ ಬಂದರು. ಇಬ್ಬರು ಸಾತವ್ವನ ಹಲಗೆ ಮೇಲೆ, ಇನ್ನಿಬ್ಬರು ಪಕ್ಕದ ಚೆನ್ನೀರವ್ವನ ಹಲಗೆ ಮೇಲೆ ಕೂತುಬಿಟ್ಟರು. ಇಬ್ಬರ ಭಾರಕ್ಕೆ ಗಂಟೆ ಎಲ್ಲಿ ಮೊಳಗುತ್ತೆ? ಗಂಟೆ ಮೊಳಗದೆ ಕೈ ಎಲ್ಲಿ ಬಿಗಿಯುತ್ತೆ? ನಿಜವಾದ ಮುದುಕರು ಬಂದರು, ಜಾಗ ಕಾಣದೆ ನಿಂತೇ ಇದ್ದರು.

ಮೊದಲ ದಿನ ನೀರು ಜಿನುಗಿತು. ಎರಡನೇ ದಿನ ಸೋರಿತು. ಮೂರನೇ ದಿನ ಧೋ ಅಂತ ಹರೀತು. ತಗ್ಗಿನ ಪಾದದೂರು ನೀರು ತುಂಬಿ ಊದಿಕೊಂಡಿತು. ಅರಮನೆಯಿಂದ ಸುದ್ದಿ ಬಂತು: "ದೊರೆಗೆ ಹೊಳೆ ತಿರುಗಿ ಬರ್ತಿಲ್ಲ. ಸಂಜೆ ದಾಟೋದು ಕಷ್ಟ."

ಸಾತವ್ವ ಪಕ್ಕಕ್ಕೆ ತಿರುಗಿದಳು. "ದೊರೆ ಹೋದರೆ ನಾವೂ ಇಲ್ಲ, ಚೆನ್ನೀರವ್ವಾ!"

"ಏಳು ಅನ್ನೋ ಹಾಗಿಲ್ಲವಲ್ಲೇ!"

"ಏಳು ಅಂತ ಯಾರು ಅಂತಾರೆ? ಸುಮ್ಮನಿರು," ಅಂದಳು ಸಾತವ್ವ. ಆಮೇಲೆ ತನ್ನ ಮುಂದಿನ ಕಳ್ಳರಿಗೆ, ಪಕ್ಕದವರಿಗೂ ಕೇಳೋ ಹಾಗೆ ಕೂಗಿದಳು: "ಅಜ್ಜಾ, ನಿಮ್ಮದೇ ಭಾಗ್ಯ! ನೀವು ಕೂತಿರೋದು ಪಟ್ಟದ ಹಲಗೆ. ಆ ಪಕ್ಕದವರು ಪಾಪ, ಚಿಲ್ಲರೆ ಜನ, ಚಿಲ್ಲರೆ ಹಲಗೆ."

ಪಕ್ಕದವರಿಗೆ ಮೂಗಿನ ತುದಿಗೆ ಕೋಪ ಬಂತು. "ನಾವು ಚಿಲ್ಲರೆಯಾ?" ಅಂತ ಎದ್ದು ಬಂದವರೇ ಆ ಹಲಗೆ ಮೇಲೆ ಒತ್ತರಿಸಿ ಕೂತರು.

"ಸರಿಯೋ ಆಚೆ!"

"ನೀನೇ ಸರಿ!"

"ಮೊದಲು ಬಂದವರು ನಾವು ಕಣೋ!"

ಜಗಳ ಜಗಳವೇ, ಆದರೆ ಹಲಗೆ ಮೇಲೆ ಈಗ ನಾಲ್ವರು! ಹಲಗೆ ಬಾಗಿತು. ಢಣ್! ಸಾತವ್ವನ ಕೈ ತಟ್ಟನೆ ಬಿಗಿಯಿತು. ಖಾಲಿಯಾದ ಚೆನ್ನೀರವ್ವನ ಹಲಗೆ ಮೇಲೆ ನಿಜವಾದ ಮುದುಕರು ಕೂತರು. ಅಲ್ಲೂ ಢಣ್! ಸಾಲಿಗೆ ಸಾಲೇ ಕೈಗೆ ಕೈ ಬೆಸೆಯಿತು. ಸೋರಿಕೆ ನಿಂತಿತು, ಪಾದದೂರಿನ ಊತ ಇಳಿಯಿತು. ಸಂಜೆ ಹೊತ್ತಿಗೆ ಎದೆಯರಸ ಮತ್ತೆ ಲಬ್ ಡಬ್ ಅಂತ ಕೆಲಸಕ್ಕೆ ನಿಂತ.

ಮೋಸ ಹೋದದ್ದು ಕಳ್ಳರಿಗೂ ತಿಳೀತು. ಆದರೆ ಮೊದಲು ಎದ್ದವನೇ ಚಿಲ್ಲರೆ ಆಗ್ತಾನಲ್ಲ! ಹಾಗಾಗಿ ನಾಲ್ವರೂ ಹಲ್ಲು ಕಡಿಯುತ್ತಾ ಕೂತೇ ಇದ್ದರು, ತಾವೇ ಒಡೆಯಬೇಕೆಂದಿದ್ದ ದಂಡೆಯನ್ನು ತಾವೇ ಕಾಯುತ್ತಾ.

ತಿಳೀತಾ ಮಕ್ಕಳೇ? ಕೆಟ್ಟವನನ್ನು ಎಬ್ಬಿಸೋಕೆ ಆಗದಿದ್ದರೆ, ಅವನ ಜಂಬ ಹಿಡಿದು ಕೂತಲ್ಲೇ ಒಳ್ಳೇ ಕೆಲಸ ಮಾಡಿಸಿಕೊಳ್ಳೋದೇ ಜಾಣತನ.